ಉಳಿತಾಯವೂ ಬ್ರಹ್ಮಚರ್ಯವೂ

ದಶಲಕ್ಷಣ ಪರ್ವದ ಹತ್ತನೆಯ ದಿನವು ಉತ್ತಮ ಬ್ರಹ್ಮಚರ್ಯ ಧರ್ಮಕ್ಕೆ ಮೀಸಲಾದುದು. ಅಂದು ಬಸದಿಯಲ್ಲಿ ಪೂಜೆ, ಪ್ರವಚನಗಳು ಮುಗಿದ ಬಳಿಕ ಕೆಲವು ದಂಪತಿಗಳು ತ್ಯಾಗಿಗಳ ಸನ್ನಿಧಿಯಲ್ಲಿ ಎದ್ದು ನಿಂತು, ತಮ್ಮ ಶಕ್ತಿಗೆ ತಕ್ಕಂತೆ ತಿಂಗಳಿಗೋ ವರುಷಕ್ಕೋ, ವಯಸ್ಸಾದವರಾದರೆ ಜೀವಿತಾವಧಿಗೋ, ಬ್ರಹ್ಮಚರ್ಯದ ನಿಯಮವನ್ನು ಸ್ವೀಕರಿಸುವುದುಂಟು. ನೋಡುವವರಿಗೆ ಅದು ಎರಡು ನಿಮಿಷದ ಕಾರ್ಯ. ಅದರ ಹಿಂದೆ ಗಂಡಹೆಂಡಿರ ನಡುವೆ ಎಷ್ಟು ರಾತ್ರಿಗಳ ಮಾತು ನಡೆದಿರುತ್ತದೆ ಎಂಬುದು ಅವರಿಬ್ಬರಿಗೇ ಗೊತ್ತು.

ಕೆಲವು ವರ್ಷಗಳ ಹಿಂದೆ, ಈ ಪರ್ವಕ್ಕೆ ಇನ್ನೂ ಹದಿನೈದು ದಿನಗಳಿರುವಾಗ, ಬೆಂಗಳೂರಿನ ಮಾರತ್ತಹಳ್ಳಿಯ ಒಂದು ಜೈನ ಕುಟುಂಬದಲ್ಲಿ ನಡೆದ ಸಂಗತಿಯು ವಿಚಾರಕ್ಕೆ ಅರ್ಹವಾಗಿದೆ. ಒಂದು ಕಾಲಕ್ಕೆ ವರ್ತೂರಿನ ದಾರಿಯ ಮೇಲಣ ಹಳ್ಳಿಯಾಗಿದ್ದ ಮಾರತ್ತಹಳ್ಳಿಯು ಹೊರವರ್ತುಲ ರಸ್ತೆ ಬಂದು, ವೈಟ್‌ಫೀಲ್ಡ್ ಕಡೆಯಲ್ಲಿ ಗಣಕೋದ್ಯಮ ಬೆಳೆದ ಮೇಲೆ ಗುರುತು ಸಿಗದಷ್ಟು ಬದಲಾಯಿತು. ಹೊಲಗಳಿದ್ದಲ್ಲಿ ಬಹುಮಹಡಿ ವಸತಿಗಳೂ ಸಿದ್ಧ ಉಡುಪಿನ ಮಳಿಗೆಗಳೂ ಎದ್ದವು. ಹಳೆಯ ಪೇಟೆಯ ಬಸದಿಗಳು ಅಲ್ಲಿಯವರಿಗೆ ದೂರ. ಯೋಗ, ಧ್ಯಾನ, ಪ್ರಾಣಶಕ್ತಿ ಎಂಬ ಹೆಸರಿನ ತರಗತಿಗಳು ಹತ್ತಿರ. ದಂಡು ಪ್ರದೇಶದಲ್ಲಿ ನಲವತ್ತು ವರ್ಷ ಬಟ್ಟೆಯ ವ್ಯಾಪಾರ ಮಾಡಿದ ಒಬ್ಬ ಶ್ರಾವಕನ ಮಗ, ಸೊಸೆ ಇಬ್ಬರೂ ನೌಕರಿಯ ಅನುಕೂಲಕ್ಕಾಗಿ ಅಲ್ಲಿ ಮನೆ ಮಾಡಿದ್ದರು. ಒಂದು ಭಾನುವಾರ ತಂದೆತಾಯಿಗಳು ಅಲ್ಲಿಗೆ ಹೋದಾಗ ಮಗನು, ತಾನು ಸಂಸಾರದಲ್ಲಿದ್ದುಕೊಂಡೇ ಏಳು ತಿಂಗಳಿಂದ ಬ್ರಹ್ಮಚರ್ಯವನ್ನು ಸಾಧಿಸಿರುವುದಾಗಿಯೂ, ಈ ಸಲ ಪರ್ವದಲ್ಲಿ ಅದನ್ನೇ ಒಂದು ವರ್ಷದ ನಿಯಮವಾಗಿ ಸ್ವೀಕರಿಸುವುದಾಗಿಯೂ ತಿಳಿಸಿದನು. ತಂದೆಗೆ ಸಂತೋಷವಾಯಿತು. ತಾಯಿ ಅಡಿಗೆಮನೆಗೆ ಹೋಗಿ ಸೊಸೆಯ ತಲೆಯ ಮೇಲೆ ಕೈಯಿಟ್ಟು, ಇಂಥ ಗಂಡನನ್ನು ಪಡೆದ ಪುಣ್ಯ ನಿನ್ನದು ಎಂದಳು.

ಸೊಸೆ ಹೇಳಿದ ಉತ್ತರ ನಡುಮನೆಯವರೆಗೆ ಕೇಳಿಸಿತು. “ಅತ್ತೆ, ಅವರು ಏನನ್ನೂ ಬಿಟ್ಟಿಲ್ಲ. ಖರ್ಚು ಮಾಡುತ್ತಿಲ್ಲ, ಅಷ್ಟೆ.”

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಕಳೆದ ಹಿರಿಯನಿಗೆ ಈ ಮಾತಿನ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಮಗನು ಕಲಿತದ್ದು ಚೀನಾ ದೇಶದ ತಾವೋ ಮಾರ್ಗಕ್ಕೆ ಸೇರಿದ ಒಂದು ಸಾಧನೆ. ವಾರಾಂತ್ಯದ ಶಿಬಿರವೊಂದರಲ್ಲಿ ಅದರ ಪರಿಚಯವಾಗಿ, ಮುಂದೆ ಪುಸ್ತಕಗಳ ಮೂಲಕ ಅಭ್ಯಾಸ ಮುಂದುವರಿದಿತ್ತು. ಪತ್ನಿಯೊಡನೆ ಸಮಾಗಮವನ್ನು ಅದು ನಿಷೇಧಿಸುವುದಿಲ್ಲ; ಧಾತುವಿನ ವ್ಯಯವನ್ನು ಮಾತ್ರ ನಿಷೇಧಿಸುತ್ತದೆ. ಒಳಗೇ ತಡೆದು ನಿಲ್ಲಿಸಿದ ಆ ಶಕ್ತಿಯನ್ನು ಮನಸ್ಸಿನ ಸಂಕಲ್ಪದಿಂದ ಬೆನ್ನುಹುರಿಯ ದಾರಿಯಾಗಿ ಶಿರಸ್ಸಿಗೆ ಏರಿಸಿ, ಮುಂಭಾಗದಿಂದ ನಾಭಿಗೆ ಇಳಿಸಿ, ಅಲ್ಲಿ ಸಂಗ್ರಹಿಸಿಡಬೇಕು ಎಂಬುದು ಅದರ ವಿಧಾನ. ಮಗನು ಇದಕ್ಕಾಗಿ ಒಂದು ಪುಸ್ತಕವನ್ನೂ ಇಟ್ಟಿದ್ದನು. ಯಾವ ದಿನ ಅಭ್ಯಾಸ ನಡೆಯಿತು, ಯಾವ ದಿನ ತಪ್ಪಿತು, ಮರುದಿನ ಉತ್ಸಾಹ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತಿತ್ತು. ಸೊಸೆ ಒಮ್ಮೆ ಆ ಪುಸ್ತಕವನ್ನು ತೆರೆದು, ಇದರಲ್ಲಿ ನನ್ನನ್ನು ಯಾವ ಬದಿಗೆ ಬರೆದಿದ್ದೀರಿ, ಜಮೆಗೋ ಖರ್ಚಿಗೋ ಎಂದು ಕೇಳಿದ್ದಳಂತೆ. ಮಗನಲ್ಲಿ ಉತ್ತರವಿರಲಿಲ್ಲ.

ಇಂಥ ವಿಷಯವನ್ನು ಧರ್ಮಪತ್ರಿಕೆಯಲ್ಲಿ ಚರ್ಚಿಸಬೇಕೇ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಆಗಮಗಳೂ ಶ್ರಾವಕಾಚಾರಗಳೂ ಇದಕ್ಕಿಂತ ಬಿಚ್ಚುಮಾತಿನಲ್ಲಿ ಈ ವಿಷಯವನ್ನು ಚರ್ಚಿಸಿವೆ ಎಂಬುದನ್ನು ಅವರು ನೆನೆಯಬೇಕು.

ಈ ಸಾಧನೆಯು ನಿನ್ನೆ ಮೊನ್ನೆಯದಲ್ಲ. 1973ರಲ್ಲಿ ಚೀನಾದ ಚಾಂಗ್ಶಾ ನಗರದ ಬಳಿಯ ಮಾವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರ ಒಂದು ಸಮಾಧಿಯನ್ನು ಅಗೆದಾಗ ದೊರೆತ ಬಿದಿರಿನ ಪಟ್ಟಿಗಳಲ್ಲಿ ಇದರ ಉಪದೇಶವಿತ್ತು. ಅಂದರೆ ಮಹಾವೀರಸ್ವಾಮಿಯ ನಿರ್ವಾಣಕ್ಕೆ ನಾಲ್ಕು ಶತಮಾನ ತುಂಬುವ ಮೊದಲೇ ಅಲ್ಲಿ ಇದು ಬರಹಕ್ಕೆ ಇಳಿದಿತ್ತು. ಜಿಂಗ್ ಎಂದರೆ ಬೀಜರೂಪದ ಸಾರ, ಚೀ ಎಂದರೆ ಪ್ರಾಣ, ಶೆನ್ ಎಂದರೆ ಚೈತನ್ಯ. ಮೊದಲನೆಯದನ್ನು ಎರಡನೆಯದಾಗಿಯೂ, ಎರಡನೆಯದನ್ನು ಮೂರನೆಯದಾಗಿಯೂ ಪರಿವರ್ತಿಸಬೇಕು ಎಂಬುದು ಮುಂದೆ ಬೆಳೆದ ಶಾಸ್ತ್ರ. ಈ ಪರಿವರ್ತನೆಯನ್ನು ನಡೆಸುವುದು ಯಿ, ಅಂದರೆ ಸಂಕಲ್ಪ ಅಥವಾ ಭಾವ. ಸಂಕಲ್ಪ ಎಲ್ಲಿಗೆ ಹೋಗುವುದೋ ಪ್ರಾಣವೂ ಅಲ್ಲಿಗೇ ಹೋಗುವುದು ಎಂದು ಅವರ ಗುರುಗಳು ಶಿಷ್ಯರಿಗೆ ಹೇಳುತ್ತಾರೆ. ದೇಹದೊಳಗಿನ ನೀರನ್ನೂ ಬೆಂಕಿಯನ್ನೂ ಒಂದುಗೂಡಿಸುವ ನಿಜಸಂಕಲ್ಪವನ್ನು ಅವರು ಮದುವೆ ಕುದುರಿಸುವ ಮುದುಕಿಗೆ ಹೋಲಿಸಿದ್ದಾರೆ. ಭಾವಕ್ಕೆ ಇಷ್ಟು ಪ್ರಾಧಾನ್ಯ ಕೊಟ್ಟ ಮಾರ್ಗವನ್ನು ಜೈನನಾದವನು ತಿರಸ್ಕಾರದಿಂದ ಕಾಣಲಾಗದು. ಕೇಳಬೇಕಾದ ಪ್ರಶ್ನೆ ಬೇರೆ. ಆ ಸಂಕಲ್ಪವು ಏನನ್ನು ಬಯಸುತ್ತದೆ?

ಏಳನೆಯ ಶತಮಾನದ ಮಹಾವೈದ್ಯ ಸುನ್ ಸಿಮಿಯಾವೋ ತನ್ನ ವೈದ್ಯಗ್ರಂಥದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಇಪ್ಪತ್ತರ ವಯಸ್ಸಿನವನಿಗೆ ನಾಲ್ಕು ದಿನಕ್ಕೊಮ್ಮೆ, ಮೂವತ್ತಕ್ಕೆ ಎಂಟು ದಿನಕ್ಕೊಮ್ಮೆ, ನಲವತ್ತಕ್ಕೆ ಹದಿನಾರು, ಐವತ್ತಕ್ಕೆ ಇಪ್ಪತ್ತು ದಿನಗಳಿಗೊಮ್ಮೆ ಮಾತ್ರ ಧಾತುವ್ಯಯವಾಗಬೇಕು, ಅರವತ್ತರ ಮೇಲೆ ನಿಲ್ಲಿಸಬೇಕು ಎಂದು ಬಡ್ಡಿಯ ದರಪಟ್ಟಿಯಂತೆ ಲೆಕ್ಕ ಕೊಟ್ಟಿದ್ದಾನೆ. ಇದು ಭೋಗಕ್ಕಾಗಿ ಅಲ್ಲ, ಆಯುಸ್ಸಿನ ಪೋಷಣೆಗಾಗಿ ಎಂದು ಎಚ್ಚರಿಕೆಯನ್ನೂ ಕೊಟ್ಟನು. ವೈದ್ಯನ ಮಾತಾಗಿ ಇದು ಒಪ್ಪತಕ್ಕದ್ದೇ. ಆದರೆ ಅದೇ ಪರಂಪರೆಯ ಕೆಲವು ಗ್ರಂಥಗಳು ಮುಂದೆ ಹೋಗಿ, ಪುರುಷನು ಮೇಲಿಂದ ಮೇಲೆ ಬೇರೆ ಬೇರೆ ತರುಣಿಯರ ಸಂಗದಿಂದ ಅವರ ಸಾರವನ್ನು ತನ್ನೊಳಗೆ ಸೆಳೆದುಕೊಳ್ಳಬೇಕೆಂದೂ, ಈ ವಿದ್ಯೆಯನ್ನು ಬಲ್ಲ ಸ್ತ್ರೀಯ ಬಳಿಗೆ ಹೋಗಬಾರದೆಂದೂ ಬರೆದವು. ಆಕೆಗೆ ಗೊತ್ತಿದ್ದರೆ ಲಾಭ ಆಕೆಗೆ ಸೇರುತ್ತದೆ ಎಂಬ ಭಯ! ಪಶ್ಚಿಮದ ರಾಣಿಮಾತೆ ಎಂಬ ದೇವತೆ ಹೀಗೆಯೇ ತರುಣರಿಂದ ಯೌವನವನ್ನು ಹೀರಿಕೊಂಡಳು ಎಂಬ ಕಥೆಯೂ ಅಲ್ಲುಂಟು. ಚೀನಾದಲ್ಲಿ ಕಳೆದುಹೋದ ಈ ಗ್ರಂಥಗಳ ಭಾಗಗಳು 984ರಲ್ಲಿ ಜಪಾನಿನ ರಾಜವೈದ್ಯ ತಂಬಾ ಯಸುಯೋರಿ ಸಂಕಲಿಸಿದ ಇಷಿನ್‌ಪೋ ಎಂಬ ವೈದ್ಯಕೋಶದಲ್ಲಿ ಉಳಿದು ಬಂದಿವೆ.

ಇದನ್ನು ಹೇಗೆ ತೂಗಬೇಕು ಎಂಬ ವಿಷಯದಲ್ಲಿ ಪಶ್ಚಿಮದ ಇಬ್ಬರು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟಾಯಿತು. ಡಚ್ ರಾಜತಂತ್ರಜ್ಞ ರಾಬರ್ಟ್ ವಾನ್ ಗುಲಿಕ್ 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಪರರ ರಕ್ತ ಹೀರುವ ಪಿಶಾಚವೃತ್ತಿಗೆ ಹೋಲಿಸಿದನು. ಚೀನಾದ ವಿಜ್ಞಾನದ ಇತಿಹಾಸವನ್ನು ಬರೆದ ಜೋಸೆಫ್ ನೀಡ್‌ಹ್ಯಾಮ್ ಇದನ್ನು ಒಪ್ಪದೆ, ಅಲ್ಲಿ ಸ್ತ್ರೀಗೂ ಸಮಾನ ಸ್ಥಾನವಿತ್ತು, ಪರಸ್ಪರ ಪೋಷಣೆಯ ಭಾವವಿತ್ತು ಎಂದು ವಾದಿಸಿದನು. 1961ರ ತನ್ನ ದೊಡ್ಡ ಗ್ರಂಥದಲ್ಲಿ ವಾನ್ ಗುಲಿಕ್ ತನ್ನ ಮಾತನ್ನು ಬಹುಮಟ್ಟಿಗೆ ಹಿಂತೆಗೆದುಕೊಂಡನು. ಅದೇ ಗ್ರಂಥದಲ್ಲಿ ಅತಿ ಸ್ಪಷ್ಟವಾದ ಭಾಗಗಳನ್ನು ಸಾಮಾನ್ಯ ಓದುಗರಿಗೆ ತಿಳಿಯದಂತೆ ಲ್ಯಾಟಿನ್ ಭಾಷೆಯಲ್ಲಿ ಕೊಟ್ಟಿದ್ದು ಬೇರೆ ಮಾತು. ಇಬ್ಬರೂ ನೋಡಿದ್ದು ಅದೇ ಗ್ರಂಥಗಳನ್ನು, ಅದೇ ಕ್ರಿಯೆಯನ್ನು. ಒಬ್ಬನಿಗೆ ಅಲ್ಲಿ ಕಂಡದ್ದು ಸುಲಿಗೆ, ಇನ್ನೊಬ್ಬನಿಗೆ ಕಂಡದ್ದು ಪಾಲುದಾರಿಕೆ. ಕ್ರಿಯೆಯನ್ನಷ್ಟೇ ನೋಡಿ ಇದನ್ನು ತೀರ್ಮಾನಿಸಲಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಾವೋ ಮಾರ್ಗದವರು ತಾವೇ ಇದನ್ನು ಪ್ರಶ್ನಿಸದೆ ಇರಲಿಲ್ಲ. ಶಯನಗೃಹದ ವಿದ್ಯೆಯೊಂದರಿಂದಲೇ ಅಮರತ್ವ ಬರುತ್ತದೆ ಎಂಬುದನ್ನು ನಾಲ್ಕನೆಯ ಶತಮಾನದ ಗೆ ಹೊಂಗ್ ಅಲ್ಲಗಳೆದನು. 415ರಲ್ಲಿ ಕೌ ಚಿಯಾನ್‌ಜಿ ಎಂಬ ಸುಧಾರಕನು ಸ್ತ್ರೀಪುರುಷರ ಪ್ರಾಣಸಂಯೋಗದ ವಿಧಿಗಳನ್ನು ತೆಗೆದುಹಾಕಬೇಕೆಂದು ಸಾರಿದನು. ಹನ್ನೆರಡನೆಯ ಶತಮಾನದಲ್ಲಿ ವಾಂಗ್ ಚೊಂಗ್‌ಯಾಂಗ್ ಸ್ಥಾಪಿಸಿದ ಚುವಾನ್‌ಜೆನ್ ಪಂಥವು ಪೂರ್ಣ ಬ್ರಹ್ಮಚರ್ಯವನ್ನೇ ವಿಧಿಸಿತು. ಅದರ ಏಳು ಮಂದಿ ಪ್ರಧಾನ ಶಿಷ್ಯರಲ್ಲಿ ಮಾ ಯು ಮತ್ತು ಸುನ್ ಬುಎರ್ ಎಂಬವರು ಗಂಡಹೆಂಡತಿಯರಾಗಿದ್ದು, ಸಾಧನೆಗಾಗಿ ಪರಸ್ಪರ ಅಗಲಿದರು. ಆದುದರಿಂದ ಮಾರತ್ತಹಳ್ಳಿಯ ಯುವಕನು ಓದಿದ್ದು ತಾವೋ ಮಾರ್ಗದ ಒಂದು ಕವಲು ಮಾತ್ರ. ಥಾಯ್ಲೆಂಡಿನಲ್ಲಿ ಹುಟ್ಟಿದ ಚೀನೀ ಮೂಲದ ಮಾಂಟಾಕ್ ಚಿಯಾ 1984ರಲ್ಲಿ ಮೈಕೆಲ್ ವಿನ್ ಅವರೊಂದಿಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಿಂದ ಈ ಕವಲು ಜಗತ್ತಿನಲ್ಲೆಲ್ಲ ಹರಡಿತು. ಎರಡು ವರ್ಷಗಳ ಮೇಲೆ ಸ್ತ್ರೀಯರ ಸಾಧನೆಗಾಗಿ ಬೇರೊಂದು ಪುಸ್ತಕವೂ ಬಂದಿತು ಎಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಆ ಯುವಕನ ಮನೆಯಲ್ಲಿ ಇದ್ದುದು ಮೊದಲನೆಯದು ಮಾತ್ರ.

ಭಾರತೀಯರು ಇದನ್ನು ಪರದೇಶದ ರೋಗವೆಂದು ತಿಳಿಯುವಂತಿಲ್ಲ. ಹದಿನೈದನೆಯ ಶತಮಾನದ ಹಠಯೋಗಪ್ರದೀಪಿಕೆಯ ವಜ್ರೋಳಿಯು ಇದರ ಸೋದರಿ. ಅದನ್ನು ಬಲ್ಲವನು ಯಮನಿಯಮಗಳಿಲ್ಲದೆ ಇಚ್ಛೆ ಬಂದಂತೆ ಇದ್ದರೂ ಸಿದ್ಧಿಯನ್ನು ಪಡೆಯುತ್ತಾನೆ ಎಂಬ ಆಶ್ವಾಸನೆ ಅಲ್ಲಿದೆ. ಮಂಗಳೂರಿನ ಕದ್ರಿಯಲ್ಲಿ ಮಠವನ್ನು ಹೊಂದಿರುವ ನಾಥಯೋಗಿಗಳ ಕಥೆಗಳಲ್ಲೇ ಇದಕ್ಕೆ ಎದುರುತ್ತರವೂ ಇದೆ: ಸ್ತ್ರೀರಾಜ್ಯದಲ್ಲಿ ಮೈಮರೆತ ಗುರು ಮತ್ಸ್ಯೇಂದ್ರನನ್ನು ಶಿಷ್ಯ ಗೋರಕ್ಷನು ಹೋಗಿ ಎಚ್ಚರಿಸಬೇಕಾಯಿತು.

ಒಂದು ಹನಿ ಶುಕ್ಲಕ್ಕೆ ನಲವತ್ತು ಹನಿ ರಕ್ತ ಬೇಕು ಎಂಬ ನಂಬಿಕೆ ಹಳ್ಳಿಯಲ್ಲೂ ಪಟ್ಟಣದಲ್ಲೂ ಈಗಲೂ ಇದೆ. ಈ ಭಯದಿಂದ ನಿದ್ರೆಗೆಟ್ಟು ವೈದ್ಯರ ಬಳಿಗೆ ಬರುವ ಯುವಕರು ಎಷ್ಟು ಮಂದಿಯಿದ್ದರೆಂದರೆ, ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಈ ಬೇನೆಗೆ ಧಾತುವಿನ ಹೆಸರನ್ನೇ ಇಡಬೇಕಾಯಿತು. ಶರೀರಶಾಸ್ತ್ರವು ಹೇಳುವ ಸತ್ಯ ಸ್ವಲ್ಪ ನಗು ತರಿಸುವಂಥದು. ಕೊನೆಯ ಗಳಿಗೆಯಲ್ಲಿ ಬೆರಳಿನಿಂದ ಒತ್ತಿ ತಡೆದ ಶುಕ್ಲವು ಮಿದುಳಿಗೆ ಏರುವುದಿಲ್ಲ. ಮೂತ್ರಕೋಶಕ್ಕೆ ಹೋಗಿ, ಆಮೇಲೆ ಮೂತ್ರದೊಡನೆ ಹೊರಬೀಳುತ್ತದೆ. ಚೀನೀಯರ ಬಗ್ಗೆ ಅಷ್ಟು ಗೌರವವಿದ್ದ ನೀಡ್‌ಹ್ಯಾಮನೇ ಇದನ್ನು ಮರೆಮಾಚದೆ ಬರೆದಿದ್ದಾನೆ. ಬೊಕ್ಕಸಕ್ಕೆ ಜಮೆಯಾಯಿತೆಂದು ಖಾತೆಯಲ್ಲಿ ಬರೆದುಕೊಂಡ ಹಣ ಹಿತ್ತಲ ಚರಂಡಿಯಲ್ಲಿ ಹರಿದುಹೋಗುತ್ತಿತ್ತು ಎಂದರೆ ಯಾವ ವ್ಯಾಪಾರಿ ತಾನೆ ಲೆಕ್ಕ ಪರಿಶೋಧಕನನ್ನು ಕರೆಯದೆ ಇರುತ್ತಾನೆ?

ಆದರೆ ಜೈನನಿಗೆ ಇದು ಮುಖ್ಯ ಆಕ್ಷೇಪವಲ್ಲ. ಶುಕ್ಲವು ನಿಜವಾಗಿ ಮಿದುಳಿಗೇ ಏರಿ, ನೂರು ವರ್ಷದ ಆಯುಸ್ಸನ್ನೇ ಕೊಟ್ಟರೂ ಅದು ಬ್ರಹ್ಮಚರ್ಯವಾಗದು. ಜೈನಾಚಾರ್ಯರು ಬ್ರಹ್ಮಚರ್ಯವನ್ನು ವಿಧಿಸಿದ್ದು ಶರೀರದ ಒಂದು ಧಾತುವನ್ನು ಕಾಪಾಡುವುದಕ್ಕಾಗಿ ಅಲ್ಲವೇ ಅಲ್ಲ. ಅವರು ಕೊಟ್ಟ ಕಾರಣಗಳು ಎರಡು. ಒಂದು ಹಿಂಸೆ: ಎಳ್ಳು ತುಂಬಿದ ಕೊಳವೆಯೊಳಗೆ ಕಾದ ಕಬ್ಬಿಣದ ಸರಳನ್ನು ತೂರಿದರೆ ಎಳ್ಳು ಹೇಗೆ ಸುಟ್ಟುಹೋಗುವುದೋ ಹಾಗೆ ಸಮಾಗಮದಲ್ಲಿ ಸೂಕ್ಷ್ಮ ಜೀವಿಗಳು ನಾಶವಾಗುತ್ತವೆ ಎಂದು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಹೇಳುತ್ತದೆ. ಇನ್ನೊಂದು ರಾಗ: ರಾಗಾದಿಗಳು ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ ಎಂಬುದು ಅದೇ ಗ್ರಂಥದ ತಿರುಳು. ಧಾತುವನ್ನು ತಡೆದ ಮಾತ್ರಕ್ಕೆ ಮೊದಲನೆಯ ದೋಷ ತಪ್ಪಲಿಲ್ಲ. ಎರಡನೆಯದು ತಪ್ಪಿತೇ ಎಂದರೆ, ಸಮಾಗಮದ ಕಾಲವನ್ನು ದೀರ್ಘಗೊಳಿಸಿ, ಚಿತ್ತವನ್ನು ಅದರಲ್ಲೇ ನೆಟ್ಟು ಇರಿಸುವ ವಿಧಾನದಲ್ಲಿ ಅದು ಬೆಳೆಯುವ ಸಂಭವವೇ ಹೆಚ್ಚು. ಗೃಹಸ್ಥನ ಸ್ವದಾರಸಂತೋಷ ವ್ರತಕ್ಕೆ ತತ್ತ್ವಾರ್ಥಸೂತ್ರವು ಎಣಿಸಿದ ಐದು ಅತಿಚಾರಗಳಲ್ಲಿ ಕಡೆಯದು ಕಾಮತೀವ್ರಾಭಿನಿವೇಶ, ಅಂದರೆ ಕಾಮದಲ್ಲಿ ಮನಸ್ಸು ತೀವ್ರವಾಗಿ ನೆಲೆಸುವುದು. ತನ್ನ ಹೆಂಡತಿಯ ವಿಷಯದಲ್ಲೂ ಇದು ಅತಿಚಾರವೇ.

ಈ ವಿಚಾರವನ್ನು ಕನ್ನಡ ನಾಡು ಎಂಟುನೂರು ವರ್ಷಗಳ ಹಿಂದೆಯೇ ಒಂದು ಕಥೆಯ ಮೂಲಕ ತಿಳಿದಿತ್ತು. ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಕೇಳದ ಜೈನ ಮನೆತನ ವಿರಳ. ರಾಣಿ ಅಮೃತಮತಿಯು ಕುರೂಪಿಯಾದ ಮಾವುತನಿಗೆ ಒಲಿದುದನ್ನು ಕಣ್ಣಾರೆ ಕಂಡ ಯಶೋಧರನು ತಾಯಿಗೆ ನಿಜವನ್ನು ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ಕನಸಿನ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವವಧೆಗೆ ಒಪ್ಪದ ಮಗ, ಬಿಡಲೊಲ್ಲದ ತಾಯಿ, ಇಬ್ಬರೂ ಒಂದು ಮಧ್ಯಮಾರ್ಗಕ್ಕೆ ಬರುತ್ತಾರೆ: ಹಿಟ್ಟಿನ ಕೋಳಿ. ಕತ್ತಿ ಬೀಸಿದಾಗ ಆ ಹಿಟ್ಟಿನ ಕೋಳಿ ಕೂಗಿತು. ಮುಂದೆ ತಾಯಿಮಗ ಇಬ್ಬರೂ ರಾಣಿಯಿಟ್ಟ ವಿಷದಿಂದ ಸತ್ತು, ನವಿಲಾಗಿ ನಾಯಾಗಿ ಹುಟ್ಟಿ, ಮತ್ತೆ ಮತ್ತೆ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಸತ್ತದ್ದು ಹಿಟ್ಟು ಮಾತ್ರ. ಕೊಂದದ್ದು ಮಾತ್ರ ನಿಜ. ಸಂಕಲ್ಪಹಿಂಸೆ ಎಂದರೆ ಇದು.

ಈ ಕಥೆಯನ್ನು ಓದುವವರು ಸಾಮಾನ್ಯವಾಗಿ ಆಹಾರ, ಬಲಿಗಳ ವಿಷಯಕ್ಕೆ ಮಾತ್ರ ಅನ್ವಯಿಸಿಕೊಳ್ಳುತ್ತಾರೆ. ವಾಸ್ತವವಾಗಿ ಅದು ಎಲ್ಲ ಬಗೆಯ ಬದಲಿ ವ್ಯವಸ್ಥೆಗಳ ಕಥೆ. ಮನುಷ್ಯನು ಕ್ರಿಯೆಯಲ್ಲಿ ಒಂದು ಅಂಶವನ್ನು ತೆಗೆದುಹಾಕಿ, ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟುಕೊಂಡು, ತಾನು ತ್ಯಾಗಿಯಾದೆನೆಂದು ತಿಳಿಯುತ್ತಾನೆ. ಯಶೋಧರನು ಬಲಿಯಿಂದ ಪ್ರಾಣವನ್ನು ತೆಗೆದನು, ಬಲಿಯ ಭಾವವನ್ನು ತೆಗೆಯಲಿಲ್ಲ. ಮಾರತ್ತಹಳ್ಳಿಯ ಯುವಕನು ಭೋಗದಿಂದ ವ್ಯಯವನ್ನು ತೆಗೆದನು, ಭೋಗದ ಭಾವವನ್ನು ತೆಗೆಯಲಿಲ್ಲ. ಅವನಾದರೂ ಹಿಟ್ಟಿನ ಕೋಳಿಯನ್ನೇ ಕೊಯ್ಯುತ್ತಿದ್ದನು. ಆ ಮನೆಯಲ್ಲಿ ಕೂಗಿದವಳು ಸೊಸೆ.

ವ್ರತಿಯಾದವನಲ್ಲಿ ಮೂರು ಶಲ್ಯಗಳು, ಎಂದರೆ ಮೈಯಲ್ಲಿ ಮುರಿದು ಉಳಿದ ಮುಳ್ಳುಗಳು, ಇರಬಾರದು: ಮಾಯೆ, ಮಿಥ್ಯಾತ್ವ ಮತ್ತು ನಿದಾನ. ಮೊದಲೆರಡನ್ನು ಎಲ್ಲರೂ ಬಲ್ಲರು. ಮೂರನೆಯದರ ಕಡೆಗೆ ಶ್ರಾವಕರ ಗಮನ ಹೋಗುವುದು ಕಡಮೆ, ಅದರಲ್ಲೂ ವ್ಯಾಪಾರಿಗಳಾದ ಶ್ರಾವಕರದು. ನಿದಾನವೆಂದರೆ ವ್ರತ ತಪಸ್ಸುಗಳಿಗೆ ಪ್ರತಿಯಾಗಿ ಇಂಥ ಫಲ ಬರಲಿ ಎಂದು ಮನಸ್ಸಿನಲ್ಲಿ ಕರಾರು ಮಾಡಿಕೊಳ್ಳುವುದು. ಮಹಾವೀರಸ್ವಾಮಿಯ ಪೂರ್ವಭವದ ಕಥೆಯೇ ಇದಕ್ಕೆ ದೊಡ್ಡ ಸಾಕ್ಷಿ. ವಿಶ್ವನಂದಿಯಾಗಿ ಮುನಿದೀಕ್ಷೆ ಪಡೆದು ಘೋರ ತಪಸ್ಸಿನಿಂದ ಶರೀರವನ್ನು ಸೊರಗಿಸಿದ್ದ ಆ ಜೀವನು, ಒಂದು ದಿನ ಹಸುವೊಂದು ತಿವಿದು ಬಿದ್ದಾಗ ವಿಶಾಖನಂದಿಯು ನಕ್ಕು ಹೀಯಾಳಿಸಿದ್ದಕ್ಕೆ ಕೆರಳಿ, ತಪಸ್ಸಿನ ಫಲವಾಗಿ ಬಲ ಬರಲೆಂದು ನಿದಾನ ಮಾಡಿದನು. ಫಲ ಬಂದಿತು. ತ್ರಿಪೃಷ್ಠನೆಂಬ ಮಹಾಬಲಶಾಲಿಯಾದ ವಾಸುದೇವನಾಗಿ ಹುಟ್ಟಿ, ಅಲ್ಲಿಂದ ನರಕಕ್ಕೆ ಇಳಿದನು. ತಪಸ್ಸಿನಲ್ಲಿ ಕೊರತೆಯಿರಲಿಲ್ಲ, ನಿಯಮದಲ್ಲಿ ತಪ್ಪಿರಲಿಲ್ಲ. ಕೇಳಿದ್ದು ತಪ್ಪು.

ಧಾತುನಿರೋಧದಿಂದ ಆಯುಸ್ಸು, ತೇಜಸ್ಸು, ಕೆಲಸದಲ್ಲಿ ಚುರುಕು ಬರಲಿ ಎಂದು ನಡೆಸುವ ಸಾಧನೆಗೆ ಜೈನಪರಿಭಾಷೆಯಲ್ಲಿ ನಿದಾನವೆಂಬುದಕ್ಕಿಂತ ಸರಿಯಾದ ಹೆಸರಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅದನ್ನು ಪರಿಗ್ರಹವೆಂದೂ ಕರೆಯಬಹುದು. ಹೊಲ, ಮನೆ, ಚಿನ್ನ, ಬೆಳ್ಳಿ, ದನ, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುವ ಶ್ರಾವಕನು ತನ್ನ ಶರೀರದೊಳಗೇ ಒಂದು ಉಗ್ರಾಣವನ್ನು ತೆರೆದು, ಅದರಲ್ಲಿ ಮಿತಿಯಿಲ್ಲದೆ ಕೂಡಿಡಲು ತೊಡಗಿದರೆ ಅಪರಿಗ್ರಹದ ಗತಿ ಏನು? ಮೂರ್ಛೆಯೇ, ಅಂದರೆ ಮಮತ್ವವೇ, ಪರಿಗ್ರಹವೆಂದು ತತ್ತ್ವಾರ್ಥಸೂತ್ರಕಾರರು ಹೇಳಿದ್ದು ಪೆಟ್ಟಿಗೆಯೊಳಗಿನ ವಸ್ತುವಿಗೆ ಮಾತ್ರವಲ್ಲ. ಲೆಕ್ಕ ಬರೆಯುವ ಪುಸ್ತಕ ಇದ್ದಲ್ಲಿ ಮಮತ್ವ ಇದ್ದೇ ಇದೆ. ಪ್ರಾಣಾಯಾಮವನ್ನು ಬಲ್ಲ ಆಚಾರ್ಯರು ಕೂಡ ಈ ಅಪಾಯವನ್ನು ಕಂಡಿದ್ದರು. ಜ್ಞಾನಾರ್ಣವವನ್ನು ಬರೆದ ಶುಭಚಂದ್ರರೂ, ಹನ್ನೆರಡನೆಯ ಶತಮಾನದ ಹೇಮಚಂದ್ರರೂ ಉಸಿರಿನ ಸಾಧನೆಯನ್ನು ವಿಸ್ತಾರವಾಗಿ ವಿವರಿಸಿ, ಅದರ ಚಮತ್ಕಾರಗಳನ್ನೂ ಹೇಳಿ, ಕಡೆಗೆ ಮೋಕ್ಷಾರ್ಥಿಗೆ ಅದು ಚಿತ್ತವಿಕ್ಷೇಪಕ್ಕೆ ಕಾರಣವೆಂದು ಪಕ್ಕಕ್ಕೆ ಇಟ್ಟರು. ಗೊತ್ತಿಲ್ಲದೆ ತಿರಸ್ಕರಿಸಿದವರಲ್ಲ ಅವರು.

ಇಲ್ಲೊಂದು ಪ್ರತಿವಾದ ಏಳುತ್ತದೆ. ಆ ಯುವಕನೇ ತಂದೆಯ ಮುಂದೆ ಅದನ್ನು ಎತ್ತಿದನು. ಭಾವವೇ ಮುಖ್ಯವಾದರೆ, ಶುದ್ಧಭಾವದಿಂದ ಮಾಡುವ ಸಮಾಗಮವು ಸಾಧನೆ ಏಕಾಗಬಾರದು? ಭರತ ಚಕ್ರವರ್ತಿಯು ತೊಂಬತ್ತಾರು ಸಾವಿರ ರಾಣಿಯರ ನಡುವೆ ಇದ್ದುಕೊಂಡೇ ಆತ್ಮಧ್ಯಾನಿಯಾಗಿರಲಿಲ್ಲವೇ? ಪ್ರಶ್ನೆ ದಡ್ಡತನದ್ದಲ್ಲ. ಕುಂದಕುಂದಾಚಾರ್ಯರ ಸಮಯಸಾರದ ದೃಷ್ಟಾಂತವೂ ಅವನ ಕಡೆಗೇ ವಾಲುವಂತೆ ತೋರುತ್ತದೆ: ಮೈಗೆ ಎಣ್ಣೆ ಹಚ್ಚಿಕೊಂಡು ಧೂಳಿನ ಅಂಗಳದಲ್ಲಿ ಸಾಮು ಮಾಡುವವನಿಗೆ ಧೂಳು ಅಂಟುವುದು ಸಾಮಿನಿಂದಲ್ಲ, ಎಣ್ಣೆಯಿಂದ; ಎಣ್ಣೆಯಿಲ್ಲದವನು ಅದೇ ಸಾಮನ್ನು ಮಾಡಿದರೂ ಅವನಿಗೆ ಧೂಳು ಅಂಟದು. ಮೂಡುಬಿದಿರೆಯ ರತ್ನಾಕರವರ್ಣಿಯು ಹದಿನಾರನೆಯ ಶತಮಾನದಲ್ಲಿ ಭರತೇಶ ವೈಭವವನ್ನು ಬರೆದು, ಭೋಗದಲ್ಲೂ ಯೋಗಿಯಾದ ಭರತನನ್ನು ಸಾಂಗತ್ಯದಲ್ಲಿ ಹಾಡಿದ್ದು ಈ ತತ್ತ್ವದ ಬಲದಿಂದಲೇ. ಆ ಕಾವ್ಯದ ಶೃಂಗಾರ ಎಲ್ಲ ಕಾಲದ ಹಿರಿಯರಿಗೂ ಹಿಡಿಸಿಲ್ಲ ಎಂಬುದೂ ಗುಟ್ಟಲ್ಲ.

ಆದರೆ ರತ್ನಾಕರನ ಭರತನಿಗೂ ಆ ಯುವಕನಿಗೂ ನಡುವಣ ಅಂತರವನ್ನು ಗಮನಿಸಬೇಕು. ಭರತನು ಭೋಗವನ್ನು ಯೋಗದ ಉಪಕರಣವೆಂದು ಎಲ್ಲಿಯೂ ಹೇಳುವುದಿಲ್ಲ. ಭೋಗದಿಂದ ಅವನಿಗೆ ಆತ್ಮಜ್ಞಾನ ಬಂದುದಲ್ಲ. ಆತ್ಮಜ್ಞಾನವಿದ್ದುದರಿಂದ ಭೋಗವು ಅವನನ್ನು ಕಟ್ಟಿಹಾಕಲಿಲ್ಲ. ಒಂದು ಗಳಿಗೆಯಲ್ಲಿ ಅದೆಲ್ಲವನ್ನೂ ಬಿಟ್ಟು ಹೊರಟು ಅಂತರ್ಮುಹೂರ್ತದಲ್ಲಿ ಕೇವಲಜ್ಞಾನ ಪಡೆದನು ಎಂಬುದೇ ಅವನ ಮೈಗೆ ಎಣ್ಣೆ ಹತ್ತಿರಲಿಲ್ಲ ಎಂಬುದಕ್ಕೆ ಪ್ರಮಾಣ. ಎಣ್ಣೆಯಿಲ್ಲವೆಂದು ಬಾಯಲ್ಲಿ ಹೇಳುವವರಿಗೆ ಈ ಪರೀಕ್ಷೆ ಬಹಳ ಕಠಿಣ. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ಅಕ್ಕಿಕಾಳಿನಷ್ಟು ಚಿಕ್ಕದಾದ ತಂದುಲಮತ್ಸ್ಯವು, ದೊಡ್ಡ ಮೀನಿನ ಬಾಯೊಳಗೆ ಬಂದು ಹೋಗುವ ಮೀನುಗಳನ್ನು ನೋಡಿ, ತನಗೆ ಈ ಬಾಯಿ ಇದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ ಎಂದುಕೊಂಡಿತಂತೆ. ಒಂದು ಜೀವವನ್ನೂ ತಿನ್ನದೆ ಏಳನೆಯ ನರಕಕ್ಕೆ ಹೋಯಿತು. ಕ್ರಿಯೆಯಿಲ್ಲದೆ ಭಾವ ಮಾತ್ರದಿಂದ ಬಂಧವಾಗುತ್ತದೆ ಎಂಬುದನ್ನು ಜೈನ ಮಕ್ಕಳು ಅಜ್ಜಿಯ ಬಾಯಿಂದ ಕೇಳಿ ಬೆಳೆದಿರುತ್ತಾರೆ. ಭಾವ ಶುದ್ಧವಾಗಿದೆಯೆಂದು ಯಾರು ಬೇಕಾದರೂ ಘೋಷಿಸಿಕೊಂಡು ಕ್ರಿಯೆಯನ್ನು ಉಳಿಸಿಕೊಳ್ಳಬಹುದು ಎಂಬುದು ಇದರಿಂದ ಹುಟ್ಟುವ ಸಿದ್ಧಾಂತವಲ್ಲ. ನಿಶ್ಚಯದ ಹೆಸರಿನಲ್ಲಿ ವ್ಯವಹಾರವನ್ನು ಸಡಿಲಗೊಳಿಸಿದ ಎಲ್ಲರೂ ಮೊದಲು ಹೇಳಿದ್ದು ನನ್ನ ಉದ್ದೇಶ ಒಳ್ಳೆಯದು ಎಂಬ ಮಾತನ್ನೇ.

ತಂದೆ ಮಗನೊಡನೆ ವಾದಕ್ಕೆ ಇಳಿಯಲಿಲ್ಲ. ನಗರದ ಶ್ವೇತಾಂಬರ ಬಂಧುಗಳ ಮನೆಗಳಲ್ಲಿ ಹೇಳುವ ವಿಜಯಶೇಠ ಮತ್ತು ವಿಜಯಾ ಶೇಠಾಣಿಯರ ಕಥೆಯನ್ನು ಅವನಿಗೆ ನೆನಪಿಸಿದನು. ವಿಜಯನು ಮದುವೆಗೆ ಮುಂಚೆ ಶುಕ್ಲಪಕ್ಷದಲ್ಲಿ ಬ್ರಹ್ಮಚರ್ಯದ ನಿಯಮವನ್ನು ಪಡೆದಿದ್ದನು. ಮದುವೆಯಾದ ರಾತ್ರಿ ತಿಳಿದದ್ದೇನೆಂದರೆ, ವಿಜಯೆಯು ಅದೇ ನಿಯಮವನ್ನು ಕೃಷ್ಣಪಕ್ಷಕ್ಕೆ ಪಡೆದಿದ್ದಳು. ಇನ್ನೊಂದು ಮದುವೆಯಾಗಿ ಎಂದು ಆಕೆ ಹೇಳಿದಳು, ಆತ ಒಪ್ಪಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ, ತಂದೆತಾಯಿಗಳಿಗೂ ತಿಳಿಯದಂತೆ, ಪೂರ್ಣ ಬ್ರಹ್ಮಚರ್ಯದಿಂದ ಬಾಳಿದರು. ಎಂಬತ್ತನಾಲ್ಕು ಸಾವಿರ ಮುನಿಗಳಿಗೆ ಆಹಾರ ಕೊಡಬೇಕೆಂದು ಬಯಸಿದ ಒಬ್ಬ ಶ್ರಾವಕನಿಗೆ, ಈ ದಂಪತಿಗಳಿಗೆ ಊಟವಿಕ್ಕಿದರೆ ಅಷ್ಟೇ ಫಲವೆಂದು ಕೇವಲಿಗಳು ಹೇಳಿದಾಗ ಮಾತ್ರ ಸಂಗತಿ ಹೊರಬಿತ್ತು. ಈ ಕಥೆಯನ್ನು ಹೇಳುವವರು ಅವರ ಇಂದ್ರಿಯನಿಗ್ರಹವನ್ನು ಕೊಂಡಾಡುತ್ತಾರೆ. ಆ ವ್ಯಾಪಾರಿ ಮಗನಿಗೆ ತೋರಿಸಿದ್ದು ಬೇರೆಯದನ್ನು. ಆ ಮನೆಯಲ್ಲಿ ವ್ರತ ಒಬ್ಬರದಾಗ ಇನ್ನೊಬ್ಬರಿಗೆ ತಿಳಿದಿತ್ತು, ಮಾತಾಡಿ ಒಪ್ಪಿದ್ದರು. ಇಬ್ಬರಲ್ಲಿ ಯಾರೂ ಇನ್ನೊಬ್ಬರಿಂದ ಏನನ್ನೂ ಪಡೆಯಲಿಲ್ಲ. ಯಾವ ದಿನ ಎಷ್ಟಾಯಿತು ಎಂದು ಬರೆದಿಡಲೂ ಇಲ್ಲ. ಆಮೇಲೆ ಆತ ಕೇಳಿದ್ದು ಒಂದೇ ಮಾತು: ವರ್ಷದ ನಿಯಮ ಸ್ವೀಕರಿಸುವುದಾಗಿ ನಮಗೆ ಹೇಳಿದೆಯಲ್ಲ, ಅವಳಿಗೆ ಹೇಳಿದ್ದೆಯಾ?

ಹೇಳಿರಲಿಲ್ಲ.

ಗೃಹಸ್ಥನ ಬ್ರಹ್ಮಚರ್ಯ ನಿಯಮದ ವಿಷಯದಲ್ಲಿ ಅನೇಕ ತ್ಯಾಗಿಗಳು ಪತಿಪತ್ನಿಯರಿಬ್ಬರ ಸಮ್ಮತಿಯನ್ನು ವಿಚಾರಿಸುತ್ತಾರೆ. ಇದು ಬರಿಯ ಲೋಕಾಚಾರವೆಂದು ತಿಳಿದವರಿದ್ದಾರೆ. ಬಸದಿಗಳ ಆಡಳಿತ ಮಂಡಳಿಯವರು ಪರ್ವದ ಸಡಗರದಲ್ಲಿ ಈ ವಿಚಾರಣೆಗೆ ಸಮಯವಿಲ್ಲವೆಂದು ಹೆಸರು ಬರೆದುಕೊಂಡು ಮುಂದೆ ಹೋಗದಿದ್ದರೆ ಒಳ್ಳೆಯದು. ಒಬ್ಬರ ತ್ಯಾಗಕ್ಕೆ ಇನ್ನೊಬ್ಬರ ಬಾಳು ಸಾಮಗ್ರಿಯಾಗುವಲ್ಲಿ ಆ ಇನ್ನೊಬ್ಬರನ್ನು ಕೇಳದಿರುವುದು ಅಹಿಂಸೆಗೆ ಹೊಂದುವುದಿಲ್ಲ.

ಆ ವರ್ಷ ಅನಂತ ಚತುರ್ದಶಿಯ ದಿನ ಮಗ ಸೊಸೆ ಇಬ್ಬರೂ ಮಾರತ್ತಹಳ್ಳಿಯಿಂದ ಹೊರಟು ಬಸದಿಗೆ ಬಂದರು. ಪ್ರವಚನ ಮುಗಿಯಿತು. ನಿಯಮ ಸ್ವೀಕರಿಸುವವರು ಎದ್ದು ನಿಲ್ಲಬೇಕೆಂದು ಹೇಳಿದಾಗ ಮುಂದಿನ ಸಾಲಿನಲ್ಲಿ ಇಬ್ಬರು ವೃದ್ಧ ದಂಪತಿಗಳೂ ಹಿಂದೆ ಒಬ್ಬ ವಿಧುರನೂ ಎದ್ದರು. ಮಗನು ಗಂಡಸರ ಸಾಲಿನಲ್ಲಿ ಕೈಕಟ್ಟಿ ಕುಳಿತೇ ಇದ್ದನು. ಒಮ್ಮೆ ತಿರುಗಿ ಹೆಂಗಸರ ಕಡೆಗೆ ನೋಡಿದನು. ಮನೆಗೆ ಮರಳುವಾಗ ತಾಯಿ ಏನನ್ನೋ ಕೇಳಲು ಬಾಯಿ ತೆರೆದಳು. ತಂದೆ ಆಕೆಯ ಕೈಯನ್ನು ಮೆಲ್ಲನೆ ಒತ್ತಿ, ಮರುದಿನ ಅಂಗಡಿಗೆ ಬರಬೇಕಾಗಿದ್ದ ಇಳಕಲ್ಲಿನ ಸರಕಿನ ವಿಷಯವನ್ನು ತೆಗೆದನು.